ಹಗ್ಗ ಕಟ್ಟಿದ ಇಪ್ಪತ್ತೆರಡು ಖೋಲಿಗಳು

ನಮ್ಮ ಊರಿನಲ್ಲಿ ಯಾವುದೇ ಸಾಮಾನನ್ನು ಇಪ್ಪತ್ತೊಂದು ದಿನ ಯಾರೂ ಮುಟ್ಟದೆ ಬಿಟ್ಟರೆ ಅದು ಹಗುರಾಗುತ್ತದೆ. ನಲವತ್ತು ದಿನ ಬಿಟ್ಟರೆ ಮೇಲೇಳುತ್ತದೆ. ತಲೆಯ ಮೇಲೆ ಸೂರಿದ್ದರೆ ಸೂರಿಗೆ ಅಂಟಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಹೋಯಿತು ಎಂದೇ ತಿಳಿಯಬೇಕು. ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅಟ್ಟದ ಮೇಲಿನ ಹಂಡೆ, ಟ್ರಂಕಿನೊಳಗಿನ ಮದುವೆ ಸೀರೆ, ಸತ್ತ ಮಾವನ ಊರುಗೋಲು, ಎಲ್ಲವನ್ನೂ ತಿಂಗಳಿಗೆರಡು ಸಲ ಮುಟ್ಟಿ ಬರುವುದು ನಮ್ಮ ಮನೆಗಳಲ್ಲಿ ಕಸ ಗುಡಿಸಿದಷ್ಟೇ ಸಹಜವಾದ ಕೆಲಸ. ಈ ನಿಯಮ ಮನುಷ್ಯರಿಗಿಲ್ಲ. ಇದ್ದಿದ್ದರೆ ನಮ್ಮ ತಾಲ್ಲೂಕು ಕಚೇರಿಯ ಅರ್ಧ ಗುಮಾಸ್ತರು ಎಂದೋ ಸೂರಿಗೆ ಅಂಟಿರುತ್ತಿದ್ದರು.

ಮನೆ ತುಂಬ ಸಾಮಾನಿದ್ದು ಮುಟ್ಟುವ ಕೈ ಕಡಿಮೆ ಇರುವವರು ಏನು ಮಾಡಬೇಕು? ಅವರಿಗಾಗಿಯೇ ಮುರಿಗೆವ್ವನವರ ಇಡುಮನೆ ಇತ್ತು. ಮುಚ್ಚಿಹೋದ ಹತ್ತಿ ಗಿರಣಿಯ ಜಾಗದಲ್ಲಿ ಐದು ಸಾಲು, ಸಾಲಿಗೆ ಇಪ್ಪತ್ನಾಲ್ಕು ಖೋಲಿ, ಮೇಲೆ ಹಂಚು. ನೀವು ಸಾಮಾನು ತಂದು ಖೋಲಿಯಲ್ಲಿಟ್ಟು ಬೀಗ ಹಾಕಿ ಒಂದು ಕೀಲಿಕೈ ಕೊಟ್ಟು ಹೋದರೆ ಆಯಿತು. ಹನ್ನೆರಡು ಮಂದಿ ಹೆಂಗಸರು ದಿನವೂ ಸರದಿಯ ಮೇಲೆ ಖೋಲಿ ತೆಗೆದು, ಒಂದರೊಳಗೊಂದು ಇಟ್ಟ ಪಾತ್ರೆಗಳನ್ನು ಬಿಡಿಸಿ, ಗಂಟು ಬಿಚ್ಚಿ, ಒಂದೊಂದು ಸಾಮಾನಿನ ಮೇಲೂ ಅಂಗೈ ಊರಿ, ಐದು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತು, ಮತ್ತೆ ಇದ್ದ ಹಾಗೆ ಜೋಡಿಸಿ ಬರುತ್ತಿದ್ದರು. ಮುರಿಗೆವ್ವನವರೂ ಮೊದಲು ಇದೇ ಕೆಲಸ ಮಾಡಿದವರು. ಪರ ಊರಿಗೆ ಹೋದವರ ಮನೆಗಳಿಗೆ ಹೋಗಿ ದಿನಗೂಲಿಗೆ ಸಾಮಾನು ಮುಟ್ಟಿ ಬರುತ್ತಿದ್ದವರು, ಮೂರು ಖೋಲಿಯಿಂದ ಶುರುಮಾಡಿ ನೂರಿಪ್ಪತ್ತಕ್ಕೆ ಬಂದಿದ್ದರು. ಆಗ ಅವರಿಗೆ ಅರವತ್ತೆರಡು. ಓದು ಮೂರನೇ ಇಯತ್ತೆ. ನಾನು ಗುರುಪಾದಪ್ಪ, ಅವರ ಮ್ಯಾನೇಜರ. ಅದಕ್ಕೂ ಮೊದಲು ಸಿಮೆಂಟಿನ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದೆ. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ ಎಂಬ ಭಾವನೆ ನನಗಿತ್ತು. ಅದು ಎಷ್ಟು ನಿಜ ಎಂಬುದನ್ನು ಮುಂದೆ ಹೇಳುತ್ತೇನೆ.

ಇಡುಮನೆಯ ವ್ಯಾಪಾರ ಹೊರಗಿನವರ ಕಣ್ಣಿಗೆ ಬಲು ಸುಲಭ. ಗೋಡೆ ಕಟ್ಟು, ಬೀಗ ಜಡಿ, ಕಾಲು ಚಾಚಿ ಮಲಗು, ಬಾಡಿಗೆ ತಾನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ನಾನೂ ಮೊದಲ ವಾರ ಹಾಗೆಯೇ ಅಂದುಕೊಂಡಿದ್ದೆ. ಖೋಲಿಗೆ ತಿಂಗಳಿಗೆ ನಾನೂರು ರೂಪಾಯಿ ಬಾಡಿಗೆ. ತಿಂಗಳ ಖರ್ಚು ಮೂವತ್ತಮೂರು ಸಾವಿರದ ಆರುನೂರು. ಎಂಬತ್ನಾಲ್ಕು ಖೋಲಿ ತುಂಬಿದರೆ ಖರ್ಚಿಗೆ ಆದಾಯ ಸಮ, ಎಂಬತ್ತೈದನೆಯ ಖೋಲಿಯಿಂದ ಮುರಿಗೆವ್ವನವರ ಊಟ. ಖರ್ಚಿನಲ್ಲಿ ಹದಿನೆಂಟು ಸಾವಿರ ಆ ಹನ್ನೆರಡು ಹೆಂಗಸರ ಪಗಾರಕ್ಕೇ ಹೋಗುತ್ತಿತ್ತು. ಉಳಿದದ್ದು ಜಾಗದ ಬಾಡಿಗೆ, ಕರ, ಲೈಟು, ಗೆದ್ದಲಿನ ಔಷಧಿ, ಒಡೆದ ಹಂಚು, ಹೀಗೆ ನೂರೆಂಟು.

ಮುರಿಗೆವ್ವನವರಿಗೆ ಇದೆಲ್ಲ ಬರೆಯದೆಯೇ ಗೊತ್ತಿತ್ತು. ಹೊಸ ಗಿರಾಕಿ ಬಂದು ಎಷ್ಟು ದಿನ ಇಡುತ್ತೇನೆ ಎಂದು ಹೇಳಿದ ಕೂಡಲೇ ಅವರು ಮನಸ್ಸಿನಲ್ಲಿಯೇ ತಿದ್ದಿಕೊಳ್ಳುತ್ತಿದ್ದರು. "ಒಂದು ತಿಂಗಳು ಅಂದಾವ ಎರಡು ವರ್ಷ ಇರತಾನ್ರಿ. ಎರಡು ವರ್ಷ ಅಂದಾವ ಮೂರನೇ ತಿಂಗಳಿಗೆ ಗಾಡಿ ತಗೊಂಡ ಬರತಾನ" ಎನ್ನುತ್ತಿದ್ದರು. ಮೊದಲ ತಿಂಗಳ ಬಾಡಿಗೆ ಬಿಟ್ಟು ಗಿರಾಕಿಯನ್ನು ಸೆಳೆಯೋಣ ಎಂದು ನಾನು ಹೇಳಿದಾಗ ನಕ್ಕರು. "ಬಿಟ್ಟಿ ಅಂತ ಬಂದಾವ ಬಿಟ್ಟಿ ಅಂದಲ್ಲಿ ಹೋಗತಾನ. ಖೋಲಿ ಒಮ್ಮೆ ಖಾಲಿ ಆತು ಅಂದ್ರ ಗುಡಿಸೂದು, ಸುಣ್ಣ ಹಚ್ಚೂದು, ಮತ್ತೊಬ್ಬನ್ನ ಹುಡುಕೂದು, ಎರಡು ತಿಂಗಳ ಬಾಡಿಗಿ ಹೋದಂಗ. ಇದ್ದಾವನ್ನ ಇಟ್ಕೊಳ್ಳೂದೇ ಲಾಭ" ಎಂದರು. ನಿಜವಾಗಿಯೂ ಹನ್ನೊಂದು, ಹದಿಮೂರು ವರ್ಷದಿಂದ ಇದ್ದ ಗಿರಾಕಿಗಳು ಇದ್ದರು. ಇಷ್ಟು ತಿಳಿವಳಿಕೆಯ ಹೆಣ್ಣುಮಗಳನ್ನು ನಾನು ಇನ್ನೆಲ್ಲೂ ನೋಡಿಲ್ಲ. ಆ ಮಾತನ್ನು ಆಗ ಅವರ ಮುಂದೆ ಹೇಳಲಿಲ್ಲ, ಅದೇ ನನ್ನ ಸಣ್ಣತನ.

ನೂರಾನಾಲ್ಕು ಖೋಲಿ ತುಂಬಿ ಎಲ್ಲ ನೆಟ್ಟಗೆ ನಡೆದಿದ್ದಾಗ ಬೈಪಾಸ್ ರಸ್ತೆಯಲ್ಲಿ ಇನ್ನೊಂದು ಇಡುಮನೆ ತೆರೆಯಿತು. ಅಲ್ಲಿ ಮುಟ್ಟುವ ಹೆಂಗಸರೇ ಇಲ್ಲ. ಖೋಲಿಯ ಸೂರಿಗೆ ಮೆತ್ತನೆಯ ಬಲೆ ಕಟ್ಟಿದ್ದರು. ಸಾಮಾನು ಹಗುರಾಗಿ ಮೇಲೆ ಹೋಗಿ ಬಲೆಗೆ ತಾಗಿ ನಿಲ್ಲುತ್ತಿತ್ತು. ಬೇಕಾದಾಗ ಗಿರಾಕಿಯೇ ಬಂದು ದಿನಕ್ಕೊಮ್ಮೆ ಮುಟ್ಟಬೇಕು. ಎಷ್ಟು ದಿನ ಬಿಟ್ಟಿರುತ್ತೇವೋ ಅಷ್ಟು ದಿನ ಮುಟ್ಟಿದರೆ ಸಾಮಾನು ಮೊದಲಿನ ಭಾರಕ್ಕೆ ಬರುತ್ತದೆ, ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಾಡಿಗೆ ಇನ್ನೂರೈವತ್ತು. ವರ್ಷಕ್ಕೊಮ್ಮೆಯೂ ಬೇಡವಾದ ಸಾಮಾನು ಇದ್ದವರಿಗೆ ಅದು ಒಳ್ಳೆಯ ಏರ್ಪಾಡೇ. ನಾಲ್ಕು ತಿಂಗಳಲ್ಲಿ ನಮ್ಮ ನೂರಾನಾಲ್ಕು ಎಂಬತ್ತೇಳಕ್ಕೆ ಇಳಿಯಿತು.

"ಅಕ್ಕಾರ, ನಾಕು ಮಂದಿ ಹೆಂಗಸರನ್ನ ಕಡಿಮಿ ಮಾಡೂಣು" ಎಂದೆ. "ಹಂಗ ಮಾಡಿದ್ರ ಸರದಿ ಮೂವತ್ತು ದಿನಕ್ಕ ಹೋಗತೈತ್ರಿ. ಸಾಮಾನು ಹಗುರ ಆಗತಾವ" ಎಂದರು. "ಸ್ವಲ್ಪ ಹಗುರ ಆದ್ರ ಯಾರಿಗೆ ಗೊತ್ತಾಗತೈತಿ?" ಎಂದೆ. ಅವರು ನನ್ನನ್ನು ನೋಡಿ, "ನಿಮಗ ಗೊತ್ತಾತಲ್ಲ" ಎಂದು ಎದ್ದು ಹೋದರು.

ಆ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಆಪರೇಶನ್ ಮಾಡಿಸಿಕೊಂಡು ತಂಗಿಯ ಊರಿನಲ್ಲಿ ಸುಧಾರಿಸಿಕೊಂಡು ಬರಲು ಒಂದೂವರೆ ತಿಂಗಳು ಹಿಡಿಯುತ್ತದೆ ಎಂದರು. ಹೋಗುವಾಗ ಕೀಲಿಕೈಯ ಗೊಂಚಲನ್ನು ನನ್ನ ಕೈಯಲ್ಲಿಟ್ಟರು. ಅವರ ಬಸ್ಸು ಊರ ಗಡಿ ದಾಟುವುದರೊಳಗೆ ನನ್ನ ತಲೆ ಓಡತೊಡಗಿತು.

ನನ್ನ ವಿಚಾರ ಹೀಗಿತ್ತು. ಖೋಲಿಯೊಳಗಿನ ಒಂದೊಂದು ಸಾಮಾನನ್ನೂ ಯಾಕೆ ಮುಟ್ಟಬೇಕು? ಎಲ್ಲ ಸಾಮಾನನ್ನೂ ಒಂದೇ ಹಗ್ಗದಲ್ಲಿ ಪೋಣಿಸಿ ಕಟ್ಟಿ, ಹಗ್ಗದ ತುದಿಯನ್ನು ಬಾಗಿಲ ಸಂದಿಯಿಂದ ಹೊರಗೆ ಬಿಟ್ಟರೆ, ಒಬ್ಬ ಹೆಂಗಸು ಸಾಲಿನುದ್ದ ನಡೆಯುತ್ತ ಹಗ್ಗದ ತುದಿ ಮುಟ್ಟಿಕೊಂಡು ಹೋದರೆ ಸಾಕು. ಬೀಗ ತೆಗೆಯುವ ಕೆಲಸವೂ ಇಲ್ಲ. ಹನ್ನೆರಡು ಮಂದಿಯ ಕೆಲಸಕ್ಕೆ ಮೂವರು! ಬೈಪಾಸಿನವರಿಗಿಂತ ಕಡಿಮೆ ಬಾಡಿಗೆಗೆ ಕೊಡಬಹುದು. ಇದು ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ ಎಂದು ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ನಡುವಿನ ಸಾಲಿನಲ್ಲಿ ಎರಡು ಖೋಲಿ ಖಾಲಿ ಇದ್ದವು. ಉಳಿದ ಇಪ್ಪತ್ತೆರಡಕ್ಕೂ ನಾಲ್ಕು ದಿನ ಕೂತು ಹಗ್ಗ ಕಟ್ಟಿಸಿದೆ. ಮೂವರು ಹೆಂಗಸರಿಗೆ ಪಗಾರವಿಲ್ಲದ ರಜೆ ಕೊಟ್ಟೆ.

ಹೆಂಗಸರಲ್ಲಿ ಹಿರಿಯಳಾದ ಯಮನವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಹಗ್ಗವನ್ನೇ ನೋಡುತ್ತ ನಿಂತಳು. "ಸಾಹೇಬ್ರ, ಹಗ್ಗ ಮುಟ್ಟಿದ್ರ ಹಗ್ಗ ಮುಟ್ಟಿದಂಗ ಆಗತೈತ್ರಿ. ಸಾಮಾನು ಮುಟ್ಟಿದಂಗ ಹ್ಯಾಂಗ ಆಗತೈತಿ?" ಎಂದಳು. "ಕರೆಂಟು ತಂತಿಯೊಳಗ ಹರಿದು ಬಲ್ಬಿಗೆ ಹೋಗೂದಿಲ್ಲೇನ? ಹಂಗ ಇದು" ಎಂದು ನಾನು ತಿಳಿಸಿ ಹೇಳಿದೆ. "ಇರಬಹುದು ಬಿಡ್ರಿ, ನಾ ಏನು ಓದೀನಿ" ಎಂದು ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಹಗ್ಗ ಕಟ್ಟಿದ ನಲವತ್ತೆರಡನೆಯ ದಿನ ಮುರಿಗೆವ್ವನವರಿಂದ ನಾಳೆ ಬರುತ್ತೇನೆಂದು ಫೋನು ಬಂತು. ಅವರಿಗೆ ತೋರಿಸಿ ಶಭಾಸ್ ಅನ್ನಿಸಿಕೊಳ್ಳಬೇಕೆಂದು ನಡುವಿನ ಸಾಲಿನ ಮೊದಲ ಖೋಲಿಯ ಬೀಗ ತೆಗೆಸಿದೆ. ನೆಲ ಖಾಲಿ ಇತ್ತು. ಕಪಾಟು, ಕುರ್ಚಿ, ತಪೇಲಿ, ಗಾದಿ, ಎಲ್ಲವೂ ಹಂಚಿನ ಕೆಳಗಿನ ಪಟ್ಟಿಗಳಿಗೆ ಬೆನ್ನು ಕೊಟ್ಟು ನಿಂತಿದ್ದವು. ನನ್ನ ಹಗ್ಗ ಮಾತ್ರ ಭಾರವಾಗಿ ಅವುಗಳಿಂದ ಕೆಳಕ್ಕೆ ಜೋತುಬಿದ್ದಿತ್ತು. ಅದನ್ನು ದಿನವೂ ಮುಟ್ಟುತ್ತಿದ್ದರಲ್ಲ, ಅದಕ್ಕೇನೂ ಆಗಿರಲಿಲ್ಲ. ಎರಡನೆಯ ಖೋಲಿ ತೆಗೆಸಿದೆ, ಮೂರನೆಯದು ತೆಗೆಸಿದೆ. ಇಪ್ಪತ್ತೆರಡೂ ಹಾಗೆಯೇ. ಯಮನವ್ವ ಓಡಿ ಹೋಗಿ ರಜೆಯಲ್ಲಿದ್ದ ಮೂವರನ್ನೂ ಕರೆದುಕೊಂಡು ಬಂದಳು. ನಾನು ಹೊಸ್ತಿಲ ಮೇಲೆ ಕುಳಿತೆ. ಆಳು ಮಾಡಿದ್ದು ಹಾಳು ಎಂಬ ಗಾದೆ ಇದೆ, ಮ್ಯಾನೇಜರ ಮಾಡಿದ್ದಕ್ಕೆ ಇನ್ನೂ ಗಾದೆ ಹುಟ್ಟಿಲ್ಲ.

ಮರುದಿನ ಮುರಿಗೆವ್ವನವರು ಕಪ್ಪು ಕನ್ನಡಕ ಹಾಕಿಕೊಂಡು ರಿಕ್ಷಾದಿಂದ ಇಳಿದರು. ಧೂಳಿನಲ್ಲಿ ನಿಲ್ಲಬಾರದು, ಏಣಿ ಹತ್ತಬಾರದು ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಖೋಲಿಯಲ್ಲೂ ಕತ್ತೆತ್ತಿ ನೋಡುತ್ತ ಹೋದರು. ತಿರುಗಿ ಬಂದು ಕೇಳಿದ್ದು ಒಂದೇ ಮಾತು. "ಒಂದಾದ್ರೂ ಹೊರಗ ಹೋಗೈತೇನು?" ಇಲ್ಲ, ಹಂಚು ಗಟ್ಟಿ ಇದ್ದುದರಿಂದ ಎಲ್ಲ ಒಳಗೇ ಉಳಿದಿದ್ದವು. "ಹಂಗಾರ ಇಪ್ಪತ್ತೆರಡೂ ಗಿರಾಕಿಗಳಿಗೆ ಹೇಳಿ ಕಳಸ್ರಿ. ಬಂದು ನೋಡ್ಲಿ" ಎಂದರು.

ನಲವತ್ತೆರಡು ದಿನ ಹೆಂಗಸರು ದಿನವೂ ಮುಟ್ಟಿದರೆ ಎಲ್ಲ ಮೊದಲಿನಂತಾಗುತ್ತದೆ, ಗಿರಾಕಿಗಳಲ್ಲಿ ಯಾರೂ ಈಗ ಬರುವವರಲ್ಲ, ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತದೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಎಂಬತ್ನಾಲ್ಕರ ಗೆರೆಗೆ ನಾವು ಮೂರೇ ಖೋಲಿ ಮೇಲೆ ಇದ್ದೆವು. ನಾಲ್ಕು ಮಂದಿ ಗಿರಾಕಿ ಎದ್ದು ಹೋದರೂ ಇಡುಮನೆ ನಷ್ಟಕ್ಕೆ ಬೀಳುತ್ತದೆ, ಆಮೇಲೆ ಇದನ್ನು ಮುಚ್ಚಲೇಬೇಕು. "ಅಕ್ಕಾರ, ಕೈ ಮುಗಿತೀನಿ, ಹೇಳಬ್ಯಾಡ್ರಿ. ಹೇಳಿದ್ರ ಅಂಗಡಿ ಮುಚ್ಚಿದಂಗ" ಎಂದೆ. ಅವರು ಅಲ್ಲಿಯೇ ಇದ್ದ ಕಟ್ಟೆಯ ಮೇಲೆ ಕುಳಿತರು. "ಗುರುಪಾದಪ್ಪನವರ, ಮಂದಿ ನಮಗ ಬಾಡಿಗಿ ಯಾತಕ್ಕ ಕೊಡತಾರ ಹೇಳ್ರಿ. ಖೋಲಿಗೇನು? ಖೋಲಿ ಅವರ ಮನ್ಯಾಗೂ ಅದಾವ. ಇಲ್ಲಿ ಬಂದು ನೋಡದನ ಮನ್ಯಾಗ ನಿಶ್ಚಿಂತಿಯಿಂದ ಮಲಗತಾರಲ್ಲ, ಅದಕ್ಕ ಕೊಡತಾರ. ಅದನ್ನ ಕಳಕೊಂಡು ನಾ ಎಂಬತ್ನಾಕು ಖೋಲಿ ತಗೊಂಡು ಏನು ಮಾಡಲಿ?" ಎಂದರು. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕೂಗಾಡಲಿಲ್ಲ.

ಗಿರಾಕಿಗಳು ಬಂದರು. ಕೆಲವರು ಕತ್ತೆತ್ತಿ ನೋಡಿ ತಲೆಯ ಮೇಲೆ ಕೈ ಹೊತ್ತರು, ಕೆಲವರು ನನ್ನ ಜನ್ಮ ಜಾಲಾಡಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಬ್ಯಾಂಡ್ ಮಾಸ್ತರರಾದ ದಸ್ತಗೀರಸಾಬರು. ಮಳೆಗಾಲದಲ್ಲಿ ಮದುವೆಗಳಿಲ್ಲವೆಂದು ತಮ್ಮ ಕಂಪನಿಯ ಡೋಲು, ತುತ್ತೂರಿಗಳನ್ನೆಲ್ಲ ತಂದಿಟ್ಟಿದ್ದರು. "ಇನ್ನ ಐವತ್ತು ದಿನಕ್ಕ ನನ್ನ ಮೊದಲನೇ ಮದುವಿ ಐತ್ರಿ ಅವ್ವಾರ! ಹಗುರ ಡೋಲಿಗೆ ಒಂದು ಏಟು ಹೊಡದ್ರ ಅದು ಮದುಮಗನ್ನ ಬಿಟ್ಟು ಮುಂದಿನ ಓಣಿಗೆ ಹೋಗತೈತಿ. ನನ್ನ ಮಾನ ಉಳಿತೈತೇನು?" ಎಂದು ಅಂಗಳದಲ್ಲಿ ನಿಂತು ಕೇಳಿದರು. ಮುರಿಗೆವ್ವನವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ತಪ್ಪು ನಮ್ಮದು. ನಲವತ್ತೆರಡು ದಿನ ಟೈಮ್ ಕೊಡ್ರಿ. ಹಗ್ಗ ಕಟ್ಟಿದ ದಿನಗಳಿಗೆ ಕೊಟ್ಟ ಬಾಡಿಗಿ ತಿರುಗಿ ಕೊಡತೀನಿ, ಮುಂದಿನ ನಲವತ್ತೆರಡು ದಿನದ್ದೂ ಬ್ಯಾಡ. ಸಾಮಾನು ಭಾರ ಆದಮ್ಯಾಲೆ ತಗೊಂಡು ಹೋಗವ್ರು ಹೋಗ್ರಿ, ಗಾಡಿ ಖರ್ಚು ನನ್ನದು." ತಪ್ಪು ಮ್ಯಾನೇಜರನದು ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಹಿಂದೆ ನಿಂತಿದ್ದ ನನಗೆ ಆಗಲೇ ಅಳು ಬಂತು.

ಆ ದಿನಗಳಲ್ಲಿ ನಾನು ಕಂಡದ್ದನ್ನು ಸಾಯುವತನಕ ಮರೆಯಲಾರೆ. ಹೆಂಗಸರು ಬೆಳಕು ಹರಿಯುವ ಮೊದಲೇ ಬರುತ್ತಿದ್ದರು. ಇಬ್ಬರು ಏಣಿ ಹತ್ತಿ ಸಾಮಾನನ್ನು ಕೆಳಗೆಳೆದು ಕೊಡುವುದು, ಕೆಳಗಿದ್ದವರು ಅದನ್ನು ತೊಡೆಯ ಸಂದಿಯಲ್ಲಿ ಒತ್ತಿ ಹಿಡಿದು ಅಂಗೈ ಊರುವುದು, ಬಿಟ್ಟ ಕೂಡಲೇ ಅದು ಮತ್ತೆ ಮೇಲಕ್ಕೆ ಹೋಗುವುದು. ನಾಳೆ ಮತ್ತೆ ಅದೇ. ಮುರಿಗೆವ್ವನವರು ಕಪ್ಪು ಕನ್ನಡಕದ ಕೆಳಗೆ ಸೆರಗು ಕಟ್ಟಿಕೊಂಡು ನೆಲದ ಮೇಲೆ ಕುಳಿತು ಅವರ ಜೊತೆಗೇ ಮುಟ್ಟುತ್ತಿದ್ದರು. ಕಣ್ಣು ಇನ್ನೂ ಮಂಜು. ಆದರೂ ಅಂಗೈ ಇಟ್ಟ ಕೂಡಲೇ "ಇದು ಹೋಟೆಲ್ ಭಟ್ಟರ ಇಡ್ಲಿ ಪಾತ್ರಿ, ಹದಿನೇಳನೇ ಖೋಲಿ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ನಾನೂ ಮುಟ್ಟಲು ಹೋದರೆ ಯಮನವ್ವ, "ನೀವು ಏಣಿ ಹಿಡಿರಿ ಸಾಹೇಬ್ರ, ಅಷ್ಟು ಸಾಕು" ಎಂದಳು. ನಲವತ್ತೆರಡು ದಿನ ಏಣಿ ಹಿಡಿದೆ. ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ತಾಮ್ರದ ಹಂಡೆಯೊಂದು ಸೂರು ಬಿಟ್ಟು ಆಳೆತ್ತರಕ್ಕೆ ಇಳಿದು ನಿಂತಿತ್ತು. ಹೆಂಗಸರೆಲ್ಲ ಹೋ ಎಂದು ಕೂಗಿದರು.

ನಲವತ್ಮೂರನೆಯ ದಿನ ಗಾಡಿಗಳು ಬಂದವು. ಎಂಟು ಮಂದಿ ಖಾಲಿ ಮಾಡಿದರು. ಅದರಲ್ಲಿ ಹನ್ನೊಂದು ವರ್ಷ ಇದ್ದ ಹೋಟೆಲ್ ಭಟ್ಟರೂ ಒಬ್ಬರು. "ಮನಸ್ಸಿಗೆ ಸಮಾಧಾನ ಇಲ್ಲ ಮುರಿಗೆವ್ವನವರೇ" ಎಂದು ಮುಖ ತಿರುಗಿಸಿ ಹೇಳಿ ಹೋದರು. ಅವರನ್ನು ನಾನು ದೂರಲಾರೆ. ದಸ್ತಗೀರಸಾಬರು ಡೋಲನ್ನು ಅಂಗಳಕ್ಕೆ ಹೊರಿಸಿ, ಕಿವಿಯಿಟ್ಟು ಕೇಳಿ, ನಾಲ್ಕು ಕಡೆ ಬಾರಿಸಿ ನೋಡಿದರು. ಆಮೇಲೆ ಗಾಡಿಯವನಿಗೆ, "ಮದುವಿ ದಿನ ಬಾ. ಮದುವಿ ಮುಗಿದಮ್ಯಾಲೆ ತಿರುಗಿ ಇಲ್ಲೇ ತಂದು ಇಳಸೂಣು" ಎಂದರು. ಬೈಪಾಸಿಗೆ ಹೋಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅಲ್ಲಿ ತಪ್ಪು ಆದ್ರ ನನಗ ಹೇಳತಾರೋ ಇಲ್ಲೋ ಯಾರಿಗ್ಗೊತ್ತು? ಇಲ್ಲಿ ಹೇಳತಾರ" ಎಂದರು.

ಅವರು ಉಳಿದರೂ ಲೆಕ್ಕ ಉಳಿಯಲಿಲ್ಲ. ಎಪ್ಪತ್ತೊಂಬತ್ತು ಖೋಲಿಗೆ ಬರುವುದು ಮೂವತ್ತೊಂದು ಸಾವಿರದ ಆರುನೂರು. ತಿಂಗಳಿಗೆ ಎರಡು ಸಾವಿರ ಖೋತಾ. ಮುರಿಗೆವ್ವನವರ ಕೈಯಲ್ಲಿದ್ದ ಗಂಟು ತಿರುಗಿಸಿ ಕೊಟ್ಟ ಬಾಡಿಗೆಗೂ ಗಾಡಿ ಖರ್ಚಿಗೂ ಕರಗಿಹೋಗಿತ್ತು. "ಇನ್ನ ಎರಡು ತಿಂಗಳು ತಳ್ಳಬಹುದು. ಆಮ್ಯಾಲೆ ಹೆಂಗಸರಿಗೆ ಬ್ಯಾರೆ ಕಡೆ ಕೆಲಸ ನೋಡಬೇಕು" ಎಂದು ಅವರು ನನ್ನೊಬ್ಬನಿಗೇ ಹೇಳಿದರು. ಅವರ ದನಿ ಮೊದಲ ಸಲ ಸಣ್ಣದಾಗಿತ್ತು.

ನಾನು ಹಾಳೆ ತೆಗೆದುಕೊಂಡು ಖರ್ಚನ್ನೆಲ್ಲ ಮೊದಲಿನಿಂದ ಬರೆದೆ. ಜಾಗದ ಬಾಡಿಗೆ ಮತ್ತು ಕರ ಐದು ಸಾವಿರದ ಆರುನೂರು, ಅದನ್ನು ಕಡಿಮೆ ಮಾಡುವಂತಿಲ್ಲ. ಕಾವಲುಗಾರನಿಗೆ ಮೂರು ಸಾವಿರ, ಅವನು ಬೇಕು. ಲೈಟು, ಗೆದ್ದಲು, ಹಂಚು, ಇವೂ ಬೇಕು. ಹೆಂಗಸರ ಹದಿನೆಂಟು ಸಾವಿರದ ಮೇಲೆ ಪೆನ್ನು ಇಡಲು ನನಗೆ ಧೈರ್ಯವಾಗಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಖರ್ಚು ಉಳಿದಿತ್ತು, ನಾಲ್ಕೂವರೆ ಸಾವಿರ. ಆರು ವರ್ಷ ಪ್ರತಿ ತಿಂಗಳೂ ನಾನೇ ನನ್ನ ಕೈಯಾರೆ ಅದನ್ನು ಬರೆದಿದ್ದೆ. ಎಲ್ಲಿ ಉಳಿಸಬಹುದು ಎಂದು ಊರೆಲ್ಲ ಹುಡುಕಿದ್ದೆ, ಹಗ್ಗ ಕಟ್ಟಿಸಿದ್ದೆ, ಮೂವರು ಬಡ ಹೆಂಗಸರ ಹೊಟ್ಟೆಯ ಮೇಲೆ ಹೊಡೆದಿದ್ದೆ. ಆ ಸಾಲಿನ ಮೇಲೆ ನನ್ನ ಕಣ್ಣು ಒಮ್ಮೆಯೂ ನಿಂತಿರಲಿಲ್ಲ. ಅದು ಮ್ಯಾನೇಜರನ ಪಗಾರ.

ಹಾಳೆಯನ್ನು ಮುರಿಗೆವ್ವನವರ ಮುಂದಿಟ್ಟೆ. "ಅಕ್ಕಾರ, ಇದನ್ನ ಹೊಡದು ಹಾಕ್ರಿ. ನನ್ನನ್ನ ಹದಿಮೂರನೇ ಕೈ ಅಂತ ತಗೊಳ್ರಿ. ಹೆಂಗಸರಿಗೆ ಕೊಡೂ ಹದಿನೈದುನೂರು ನನಗೂ ಕೊಡ್ರಿ. ತಿಂಗಳಿಗೆ ಮೂರು ಸಾವಿರ ಉಳಿತೈತಿ. ಖೋತಾ ಹೋಗಿ ಸಾವಿರ ಮ್ಯಾಲೆ ಬರತೈತಿ" ಎಂದೆ. ಮನೆಯಲ್ಲಿ ಹೆಂಡತಿಯ ಹೊಲಿಗೆಯ ಕೆಲಸವಿತ್ತು, ಹೇಗೋ ನಡೆಯುತ್ತಿತ್ತು.

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಲೆಕ್ಕ ಯಾರು ಬರಿತಾರ?" ಎಂದು ಕೇಳಿದರು. "ಊಟ ಆದಮ್ಯಾಲೆ ನಾನ ಬರಿತೀನಿ. ಅರ್ಧ ತಾಸು ಸಾಕು" ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನನಗೇ ಗೊತ್ತಾಯಿತು. ಮುರಿಗೆವ್ವನವರು ಕಪ್ಪು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಅರ್ಧ ತಾಸಿನ ಕೆಲಸಕ್ಕ ಆರು ವರ್ಷ ನಾಕೂವರಿ ಸಾವಿರ ತಗೊಂಡ್ರೇನ್ರಿ!" ಎಂದರು. ನಾನೂ ನಕ್ಕೆ, ಬೇರೆ ಏನು ಮಾಡಲಿ. ಆಮೇಲೆ ಅವರು ಹೇಳಿದರು. "ನನಗ ಮೊದಲನೇ ವರ್ಷನ ಗೊತ್ತಿತ್ತು. ಆದ್ರ ನಷ್ಟದ ಮಾತು ಬಂದಾಗ ಒಬ್ಬಾಕಿ ಕುಂತು ಅಂಜೂದಕ್ಕಿಂತ, ಜೋಡಿಲೆ ಅಂಜಾಕ ಒಬ್ಬರು ಇದ್ರ ಛಲೋ ಅನಸತಿತ್ತು. ಅದಕ್ಕ ಕೊಟ್ಟೆ." ಇಂಥವರನ್ನು ನಾನು ಲೆಕ್ಕ ಬಾರದವರು ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಹೋದೆ. ಯಮನವ್ವ ನನ್ನನ್ನು ಮೊದಲ ಸಾಲಿನ ಮೊದಲ ಖೋಲಿಗೆ ಕರೆದುಕೊಂಡು ಹೋಗಿ, "ಬೆರಳಿಲೆ ಮುಟ್ಟಬ್ಯಾಡ್ರಿ, ಅಂಗೈ ಪೂರಾ ಊರ್ರಿ. ಗಡಿಬಿಡಿ ಬ್ಯಾಡ" ಎಂದಳು. ಸಂಜೆಯ ಹೊತ್ತಿಗೆ ಅವಳು ನೂರಾನಲವತ್ತು ಸಾಮಾನು ಮುಟ್ಟಿದ್ದಳು, ನಾನು ಅರವತ್ತೊಂದು. ಅಂಗೈ ಬಿರಿದು ಉರಿಯುತ್ತಿತ್ತು, ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆರು ವರ್ಷ ಈ ಕೆಲಸಕ್ಕೆ ಹದಿನೈದುನೂರು ಹೆಚ್ಚಾಯಿತು ಎಂದು ನಾನೇ ವಾದಿಸಿದ್ದೆ.

ತಿಂಗಳ ಕೊನೆಗೆ ಸಾವಿರ ಉಳಿಯಬೇಕಾಗಿದ್ದಲ್ಲಿ ಗಾಳಿಗೆ ಹಂಚು ಬಿದ್ದು ಇನ್ನೂರ ಎಪ್ಪತ್ತು ರೂಪಾಯಿ ಉಳಿಯಿತು. ಆದರೂ ಉಳಿಯಿತು. ಮುರಿಗೆವ್ವನವರು ಆ ದುಡ್ಡು ತೆಗೆದುಕೊಂಡು ಪೇಟೆಗೆ ಹೋದರು. ಬರುವಾಗ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿಗಳಿದ್ದವು, ಕೈಗೆ ಹಚ್ಚಿಕೊಳ್ಳಲು. ಹೆಂಗಸರೆಲ್ಲ ಕಟ್ಟೆಯ ಮುಂದೆ ಸಾಲಾಗಿ ನಿಂತು ಒಂದೊಂದು ತೆಗೆದುಕೊಂಡರು. ನಾನು ದೂರದಲ್ಲಿ ನಿಂತು ಎಣಿಸಿದೆ, ಅಭ್ಯಾಸ ಬಲ. ಹನ್ನೆರಡು ಮಂದಿಯೂ ತೆಗೆದುಕೊಂಡ ಮೇಲೆ ಚೀಲದಲ್ಲಿ ಇನ್ನೂ ಒಂದು ಬಾಟಲಿ ಉಳಿದಿತ್ತು. ಮುರಿಗೆವ್ವನವರು ಅದನ್ನು ಎತ್ತಿ ಹಿಡಿದು, "ಎಲ್ಲೆ ನಿಂತೀರಿ? ಪಾಳಿಗೆ ಬರ್ರಿ" ಎಂದು ನನ್ನನ್ನು ಕರೆದರು.